ಮನೆಯ ನಕ್ಷೆಯ ಪ್ರಯಾಣ

ಹಿಂದಿನವರು ಮನೆ ಕಟ್ಟುವಾಗ ಕಾಗದವನ್ನು ಹೆಚ್ಚಾಗಿ ನೆಚ್ಚಿದವರಲ್ಲ. ‘ಎಂಟು ಅಂಕಣದ ಮನೆ’ ಎಂದರೆ ಯಜಮಾನನಿಗೂ ಮೇಸ್ತ್ರಿಗೂ ಒಂದೇ ಚಿತ್ರವು ಕಣ್ಣಿಗೆ ಕಟ್ಟುತ್ತಿತ್ತು. ಕಂಬದಿಂದ ಕಂಬಕ್ಕೆ ಅಂತರವೆಷ್ಟೆಂಬುದನ್ನು ನಿವೇಶನದಲ್ಲಿಯೇ ನಿಂತು, ಸುಣ್ಣದ ಗೆರೆಯೆಳೆದು ತೀರ್ಮಾನಿಸುತ್ತಿದ್ದರು. ಹೇಳುವವನೂ ಕೇಳುವವನೂ ಎದುರೆದುರಿಗೆ ಇದ್ದುದರಿಂದ ಸಂದೇಹವು ಹುಟ್ಟಿದ ಸ್ಥಳದಲ್ಲಿಯೇ ಪರಿಹಾರವಾಗುತ್ತಿತ್ತು. ಶಿರಾದಲ್ಲಿದ್ದ ದಿಲಾವರ್ ಖಾನನ ಅರಮನೆಯು ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯಾಯಿತೆಂದು ಹಳೆಯ ಗೆಜೆಟಿಯರಿನಲ್ಲಿ ಹೇಳಿದೆ. ಕಂಡವರ ಕಣ್ಣು, ಮಾಡುವವರ ಕೈ, ಇವೆರಡೇ ಆಗ ವಿನ್ಯಾಸವನ್ನು ಊರಿಂದೂರಿಗೆ ಹೊತ್ತ ವಾಹನಗಳಾಗಿದ್ದಿರಬೇಕು.

ಈಗಿನ ಪರಿಪಾಠವೇ ಬೇರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಮನೆ ಏಳುವಾಗ ಅದರ ನಕ್ಷೆಯು ಬೆಂಗಳೂರಿನಲ್ಲಿರುವ ಮಗನ ಸ್ನೇಹಿತನಿಂದಲೋ, ಬಂಧುವಿನಿಂದಲೋ ಗಣಕಯಂತ್ರದಲ್ಲಿ ಸಿದ್ಧವಾಗುತ್ತದೆ. ಅದನ್ನು ತೆರೆದು ನೋಡಿ ಕೆಲಸ ನಡೆಸಬೇಕಾದ ಇಲ್ಲಿಯ ಇಂಜಿನಿಯರರಲ್ಲಿ ಇರುವುದು ಮತ್ತೊಂದು ತಂತ್ರಾಂಶ. ಫೋನಿನಲ್ಲಿ ನಕ್ಷೆಯು ಕ್ಷಣಮಾತ್ರದಲ್ಲಿ ಬಂದು ಸೇರುವುದೇನೋ ನಿಜ. ಆದರೆ ಹೊರಟದ್ದೆಲ್ಲವೂ ಬಂದು ಸೇರಿತೆ ಎಂಬುದನ್ನು ವಿಚಾರಿಸುವವರು ವಿರಳ.

ನಮ್ಮ ಮನೆಯಲ್ಲಿಯೇ ಇದರ ಅನುಭವವಾಯಿತು. ಕೊರಟಗೆರೆಯ ಬಳಿ ಇರುವ ಹಳೆಯ ಮನೆಗೆ, ನಡೆಯಲಾರದ ನಮ್ಮ ಮಾತೃಶ್ರೀಯವರ ಸಲುವಾಗಿ, ಒಂದು ಕೋಣೆಯನ್ನೂ ಬಚ್ಚಲನ್ನೂ ಸೇರಿಸಬೇಕಾಗಿತ್ತು. ಗಾಲಿಕುರ್ಚಿಯು ಸರಾಗವಾಗಿ ಒಳಗೆ ಹೋಗಲೆಂದು ಬಚ್ಚಲಿನ ಬಾಗಿಲು ಮೂರು ಅಡಿ ಇರಬೇಕೆಂದು ನಿಶ್ಚಯವಾಗಿತ್ತು. ನಕ್ಷೆ ಬರೆದವರ ತಂತ್ರಾಂಶದಲ್ಲಿ ಆ ಬಾಗಿಲು ತನ್ನ ಅಗಲವನ್ನು ತನ್ನೊಳಗೇ ಇಟ್ಟುಕೊಂಡ ಒಂದು ವಸ್ತುವಾಗಿತ್ತು. ‘ಇದನ್ನು ಕಿರಿದು ಮಾಡಕೂಡದು’ ಎಂದು ಪಕ್ಕದಲ್ಲಿ ಕನ್ನಡದಲ್ಲಿ ಬರೆದೂ ಇತ್ತು. ಇಲ್ಲಿ ತೆರೆದಾಗ ಬಾಗಿಲು ಎರಡು ಗೆರೆ, ಒಂದು ಕಮಾನು ಮಾತ್ರವಾಗಿ ಉಳಿಯಿತು. ಕನ್ನಡದ ಸಾಲು ಓದಲಾಗದ ಇಂಗ್ಲಿಷ್ ಅಕ್ಷರಗಳ ಗೊಂಚಲಾಯಿತು. ಗೋಡೆ ಏಳುವ ಮುನ್ನ ಮೇಸ್ತ್ರಿಯು, “ಬಚ್ಚಲಿಗೆ ಎರಡೂವರೆ ಅಡಿ ಬಾಗಿಲು ಸಾಕಲ್ಲವಾ, ಸ್ವಾಮಿ?” ಎಂದು ವಾಡಿಕೆಯಂತೆ ಕೇಳಿದುದರಿಂದ ಕೆಲಸ ಕೆಡಲಿಲ್ಲ. ಆತನು ಕೇಳದೆ ಕಟ್ಟಿದ್ದರೆ, ಆ ಆರು ಅಂಗುಲಕ್ಕಾಗಿ ವೃದ್ಧೆಯೊಬ್ಬರನ್ನು ದಿನವೂ ಎತ್ತಿ ಒಳಗೆ ಒಯ್ಯಬೇಕಾಗುತ್ತಿತ್ತು.

ಇದರಲ್ಲಿ ಬರೆದವರ ತಪ್ಪಾಗಲಿ, ತೆರೆದವರ ತಪ್ಪಾಗಲಿ ಇರಲಿಲ್ಲ. ಪ್ರತಿಯೊಂದು ತಂತ್ರಾಂಶವೂ ನಕ್ಷೆಯನ್ನು ತನ್ನದೇ ಆದ ಕ್ರಮದಲ್ಲಿ ಬರೆದಿಡುವುದೇ ಇದರ ಮೂಲ. 1982ರಲ್ಲಿ ಹೊರಬಂದ ಆಟೊಕ್ಯಾಡ್ ಎಂಬುದರ ಡಿಡಬ್ಲ್ಯುಜಿ ಕಡತವು ಲೋಕದಲ್ಲೆಲ್ಲ ಹರಡಿತು. ಆದರೆ ಅದರ ಒಳರಚನೆಯನ್ನು ಕಂಪನಿಯು ಪ್ರಕಟಿಸಲಿಲ್ಲ. ಇತರರು ಅದನ್ನು ಸ್ವಂತವಾಗಿ ಬಿಡಿಸಿ ಅರಿಯಬೇಕಾಯಿತು. 1998ರಲ್ಲಿ ಇದಕ್ಕಾಗಿಯೇ ಒಂದು ಒಕ್ಕೂಟವು ಹುಟ್ಟಿತು. ಕೊಡುಕೊಳ್ಳುವಿಕೆಗೆಂದು ಏರ್ಪಟ್ಟ ಡಿಎಕ್ಸ್ಎಫ್ ಎಂಬ ಕಡತವು ಗೆರೆ, ವೃತ್ತ, ಅಕ್ಷರಗಳನ್ನು ಒಯ್ಯುತ್ತದೆ. ‘ಇದು ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ, ಇದು ಬಾಗಿಲು’ ಎಂಬ ತಿಳಿವಳಿಕೆಯು ಸಾಮಾನ್ಯವಾಗಿ ಅದರಲ್ಲಿ ದಾಟುವುದಿಲ್ಲ. ಈ ಕೊರತೆಯನ್ನು ನೀಗಲು 1995ರಿಂದ ಹಲವು ಸಂಸ್ಥೆಗಳು ಕೂಡಿ ಐಎಫ್‌ಸಿ ಎಂಬ ಸಮಾನ ಕ್ರಮವನ್ನು ರೂಪಿಸತೊಡಗಿದವು. 2013ರಲ್ಲಿ ಅದು ಐಎಸ್ಒ 16739 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಗೋಡೆಯು ಗೋಡೆಯಾಗಿಯೇ ಬಂದರೂ, ಬೇರೆ ತಂತ್ರಾಂಶದಲ್ಲಿ ಅದನ್ನು ಮೊದಲಿನಂತೆ ತಿದ್ದಲು ಸಾಧ್ಯವಾಗದಿರುವುದುಂಟು.

ಕನ್ನಡಿಗರಿಗೆ ಮತ್ತೊಂದು ತೊಡಕು. ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನವನ್ನೇ ಎರವಲು ಪಡೆದು ಕನ್ನಡವನ್ನು ತೋರಿಸುತ್ತಿದ್ದವು. ಆ ಶೈಲಿಯು ಇಲ್ಲದ ಯಂತ್ರದಲ್ಲಿ ಮುಸುಕು ಜಾರಿ ಇಂಗ್ಲಿಷ್ ಗೀಚೇ ಕಾಣುತ್ತದೆ. 1991ರಿಂದ ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವುಂಟು. ಬರೆಯುವವರು ಅದನ್ನೇ ಬಳಸಿದರೆ ಈ ತೊಂದರೆಯು ಬಹುಮಟ್ಟಿಗೆ ತಪ್ಪುತ್ತದೆ.

ಅಳತೆಯ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮ ಮೇಸ್ತ್ರಿಗಳದು ಅಡಿ, ಅಂಗುಲದ ಲೆಕ್ಕ. ಯಂತ್ರದಲ್ಲಿ ಅನೇಕ ವೇಳೆ ಮಿಲಿಮೀಟರು. ಅಂಗುಲವೆಂದು ಬರೆದುದನ್ನು ಮಿಲಿಮೀಟರೆಂದು ಓದಿದರೆ ಮನೆಯು 25.4 ಪಾಲು ಕುಗ್ಗುತ್ತದೆ. ಅಂಥ ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ, ಸಣ್ಣದೇ ಅಪಾಯಕಾರಿ. ಒಂದು ಅಡಿಗೆ 304.8 ಮಿಲಿಮೀಟರಿರುವಲ್ಲಿ ಯಾರಾದರೂ ಸುಲಭಕ್ಕೆಂದು 300 ಹಿಡಿದರೆ, ನಲವತ್ತು ಅಡಿಯ ನಿವೇಶನದಲ್ಲಿ ಸುಮಾರು ಏಳೂವರೆ ಅಂಗುಲ ಕಾಣೆಯಾಗುತ್ತದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಏರ್‌ಬಸ್ ಎ380 ಎಂಬ ಭಾರಿ ವಿಮಾನವನ್ನು ಕಟ್ಟುವಾಗ ಜರ್ಮನಿಯ ಹ್ಯಾಂಬರ್ಗಿನವರು ಕಾಟಿಯಾ ಎಂಬ ತಂತ್ರಾಂಶದ ನಾಲ್ಕನೆಯ ಆವೃತ್ತಿಯನ್ನೂ, ಫ್ರಾನ್ಸಿನ ತುಲೂಸಿನವರು ಐದನೆಯದನ್ನೂ ಬಳಸುತ್ತಿದ್ದರು. ನಕ್ಷೆಗಳು ಸರಿಯಾಗಿ ಹೊಂದದೆ, ಜೋಡಿಸುವ ಹೊತ್ತಿಗೆ ವಿದ್ಯುತ್ ತಂತಿಗಳು ಉದ್ದ ಸಾಲದೆ ಹೋದವು. 2006ರಲ್ಲಿ ಬಯಲಾದ ಈ ತೊಡಕು, ವಿಮಾನಗಳು ಎರಡು ವರ್ಷದಷ್ಟು ತಡವಾಗುವುದಕ್ಕೆ ಒಂದು ಮುಖ್ಯ ಕಾರಣವಾಯಿತು.

ಗೃಹಸ್ಥರು ಮಾಡಬಹುದಾದುದು ಇಷ್ಟು. ಕೆಲಸಕ್ಕೆ ಮೊದಲೇ ಉಭಯತರಲ್ಲಿಯೂ ಯಾವ ತಂತ್ರಾಂಶ, ಯಾವ ಆವೃತ್ತಿ ಇದೆಯೆಂದು ಕೇಳತಕ್ಕದ್ದು. ಇಲ್ಲಿಯದು ಹಳೆಯದಾದರೆ ಹಳೆಯ ಆವೃತ್ತಿಯಲ್ಲಿಯೇ ಉಳಿಸಿ ಕಳುಹಿಸಲು ಹೇಳತಕ್ಕದ್ದು. ಕಡತದೊಡನೆ ಪಿಡಿಎಫ್ ಪ್ರತಿಯನ್ನೂ, ಸಾಧ್ಯವಾದರೆ ಅಚ್ಚಾದ ಹಾಳೆಯನ್ನೂ ತರಿಸಿಕೊಂಡು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಅಳತೆಯ ಮಾನವನ್ನೂ, ಪ್ರತಿ ಬಾಗಿಲು ಕಿಟಕಿಗಳ ಅಗಲವನ್ನೂ ಅಂಕಿಯಲ್ಲಿ ಬರೆಯಿಸಬೇಕು. ನಿವೇಶನದ ಉದ್ದದಂತಹ ತಿಳಿದ ಅಳತೆಯೊಂದನ್ನು ತೆರೆದ ನಕ್ಷೆಯಲ್ಲಿ ಅಳೆಯಿಸಿ ತಾಳೆ ನೋಡಬೇಕು.

ಪಾವಗಡದ ಕಡೆಯ ಜನರಿಗೆ ಕನ್ನಡ, ತೆಲುಗು ಎರಡೂ ಬರುತ್ತವೆ. ವ್ಯಾಪಾರದ ಮಾತು ಒಂದು ಭಾಷೆಯಿಂದ ಮತ್ತೊಂದಕ್ಕೆ ದಾಟಿದಾಗ, ಬೆಲೆಯನ್ನು ಮತ್ತೊಮ್ಮೆ ಹೇಳಿ, ಕೇಳಿ, ಒಪ್ಪಿಕೊಂಡ ಬಳಿಕವೇ ಹಣವನ್ನು ಎಣಿಸುವುದು ತಿಳಿದವರ ಕ್ರಮ. ಎರಡು ಯಂತ್ರಗಳ ನಡುವೆ ನಕ್ಷೆಯನ್ನು ಕಳುಹಿಸುವವರೂ ಇದೇ ಕ್ರಮವನ್ನು ಅನುಸರಿಸಿದರೆ ಲೇಸು. ಕೇಳುವುದಕ್ಕೆ ಖರ್ಚಿಲ್ಲ, ಕಟ್ಟಿದ ಗೋಡೆಯನ್ನು ಒಡೆಯುವುದಕ್ಕೆ ಉಂಟು.