ಕೊರಳಲ್ಲಿ ಕರಡಿಗೆ, ಕೊರಳಲ್ಲೇ ಸ್ಕಾರ್ಫ್



ವಾರಕ್ಕೊಂದು ವಚನವನ್ನು ಎತ್ತಿಕೊಂಡು ಅದರ ಭಾವವನ್ನು ಯಥಾಮತಿ ನಿವೇದಿಸುವುದು ಈ ಪುಟದ ವಾಡಿಕೆ. ಈ ವಾರ ವಚನವಿಲ್ಲ. ಕಳೆದ ತಿಂಗಳು ಮಠದ ಹಿರಿಯ ಭಕ್ತರೂ ನಿವೃತ್ತ ಶಿಕ್ಷಕರೂ ಆದ ಒಬ್ಬರು ಪೂಜ್ಯ ಶ್ರೀಗಳವರ ಸನ್ನಿಧಿಗೆ ಬಂದು, ನಮ್ಮ ಪ್ರಸಾದನಿಲಯದ ಮಕ್ಕಳಿಗೂ ಊರಿನ ಇತರ ಮಕ್ಕಳಿಗೂ ಮಠದ ಆಶ್ರಯದಲ್ಲಿ ಒಂದು ಸ್ಕೌಟ್ ದಳವನ್ನು ಆರಂಭಿಸಬೇಕೆಂದು ಬಿನ್ನವಿಸಿಕೊಂಡರು. "ಮಠ ಏನೂ ಮಾಡಬೇಕಾಗಿಲ್ಲ ಬುದ್ಧಿ, ಭಾನುವಾರ ಎರಡು ತಾಸು ಹಿಂದಿನ ಅಂಗಳವನ್ನೂ ಒಂದು ಕೊಠಡಿಯನ್ನೂ ಕೊಟ್ಟರೆ ಸಾಕು" ಎಂಬುದು ಅವರ ಮಾತು. ಶ್ರೀಗಳವರು ನನ್ನತ್ತ ತಿರುಗಿ, "ಬೇರೆ ಧರ್ಮದವರು ಇದನ್ನು ಹೇಗೆ ನಡೆಸಿದ್ದಾರೆಂದು ಓದಿ ಎರಡು ಪುಟ ಬರೆದುಕೊಡು" ಎಂದು ಅಪ್ಪಣೆ ಕೊಡಿಸಿದರು. ಆ ಎರಡು ಪುಟಗಳ ಕಥೆಯೇ ಈ ಲೇಖನ.

ನಾನೂ ಒಂದು ಕಾಲಕ್ಕೆ ಸ್ಕೌಟ್ ಆಗಿದ್ದವನು. 2002ರಲ್ಲಿ, ಎಂಟನೆಯ ತರಗತಿಯಲ್ಲಿದ್ದಾಗ, ನಾಲ್ಕು ದಿನಗಳ ಶಿಬಿರವೊಂದಕ್ಕೆ ಹೋಗಿದ್ದೆ. ಲಿಂಗದೀಕ್ಷೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಎರಡನೆಯ ದಿನ ಕೆರೆಗೆ ಇಳಿಯುವ ಮುನ್ನ ಶಿಬಿರದ ನಾಯಕರು ಎಲ್ಲರ ಕೊರಳ ದಾರ, ಸರ, ತಾಯಿತಗಳನ್ನು ತೆಗೆಸಿ ಒಂದು ತಗಡಿನ ಡಬ್ಬಿಗೆ ಹಾಕಿಸುತ್ತಿದ್ದರು. ನೀರಿನಲ್ಲಿ ಸಿಕ್ಕಿಕೊಂಡರೆ ಅಪಾಯವೆಂಬ ಅವರ ಕಾಳಜಿ ಸರಿಯಾದುದೇ. ನನ್ನ ಸರದಿ ಬಂದಾಗ ಕರಡಿಗೆಯನ್ನೂ ಹಾಕೆಂದರು. ನಾನು ಹಾಕಲಿಲ್ಲ, ಹಾಕಲಾರೆನೆಂದು ಹೇಳುವ ಧೈರ್ಯವೂ ಬರಲಿಲ್ಲ. ಹೊಟ್ಟೆನೋವೆಂದು ಸುಳ್ಳಾಡಿ ದಡದಲ್ಲಿ ಕುಳಿತೆ. ಮರುದಿನ ಬೆಳಗಿನ ಐದರ ಸೀಟಿಯಿಂದಲೇ ವ್ಯಾಯಾಮ, ಧ್ವಜಾರೋಹಣ, ಉಪಾಹಾರ ಎಂದು ಓಡಾಟ. ಲಿಂಗಪೂಜೆಗೆ ಎಡೆಯಿಲ್ಲ, ಪೂಜೆಯಿಲ್ಲದೆ ಉಣ್ಣಲು ಮನಸ್ಸಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆಸುತ್ತಿ ಕುಸಿದೆ. ಆಗ ನಮ್ಮ ತಂಡದಲ್ಲಿದ್ದ ಮುಸಲ್ಮಾನ ಗೆಳೆಯನೊಬ್ಬನು ನಾಯಕರ ಬಳಿಗೆ ಹೋಗಿ, "ಸರ್, ಇವನ ನಮಾಜು ಆಗಿಲ್ಲ, ಅದಕ್ಕೇ ಉಂಡಿಲ್ಲ" ಎಂದನು. ನಾಯಕರು ಒಂದು ಕ್ಷಣ ಸುಮ್ಮನೆ ನಿಂತರು. ಕೊನೆಯ ದಿನದ ಬೆಳಗ್ಗೆ ಸೀಟಿಗೆ ಮುಂಚೆ ಅರ್ಧ ತಾಸು ಒಂದು ಡೇರೆಯನ್ನು ನಮಗಿಬ್ಬರಿಗೂ ಬಿಟ್ಟುಕೊಟ್ಟರು. ಆ ಡೇರೆಯ ಒಂದು ಮೂಲೆಯಲ್ಲಿ ಅವನು, ಇನ್ನೊಂದರಲ್ಲಿ ನಾನು. ಸಂಜೆಯ ಸರ್ವಧರ್ಮ ಪ್ರಾರ್ಥನೆಯಲ್ಲಿ ನಾವು ಏನನ್ನು ಹಾಡಿದೆವೋ ನೆನಪಿಲ್ಲ. ಆ ಡೇರೆಯಂತೂ ಇಂದಿಗೂ ಕಣ್ಣ ಮುಂದಿದೆ.

ಅಪ್ಪಣೆಯಂತೆ ಓದತೊಡಗಿದಾಗ ತಿಳಿದದ್ದು, ಬಾಲಕರ ಸಮವಸ್ತ್ರದ ಸಂಘಟನೆ ಹುಟ್ಟಿದ್ದೇ ಧರ್ಮಸಂಸ್ಥೆಯ ಮಡಿಲಿನಲ್ಲಿ ಎಂಬುದು. 1883ರಲ್ಲಿ ಗ್ಲಾಸ್ಗೋ ನಗರದಲ್ಲಿ ವಿಲಿಯಂ ಸ್ಮಿತ್ ಕಟ್ಟಿದ ಬಾಯ್ಸ್ ಬ್ರಿಗೇಡ್ ಚರ್ಚಿನ ಮಕ್ಕಳದು. ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ನಡೆಸಿದಾಗ ಅದರಲ್ಲಿ ಬ್ರಿಗೇಡಿನ ಹುಡುಗರೂ ಇದ್ದರು. ಭಾರತಕ್ಕೆ ಸ್ಕೌಟಿಂಗ್ ಕಾಲಿಟ್ಟದ್ದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ, ಚರ್ಚಿನ ಆಶ್ರಯದ ಬಿಷಪ್ ಕಾಟನ್ ಶಾಲೆಯಲ್ಲಿ. ಆದರೆ ಆಗ ಅದು ಬಿಳಿಯರ ಮತ್ತು ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ಈ ನೆಲದ ಮಕ್ಕಳಿಗೆ ಪ್ರವೇಶವಿರಲಿಲ್ಲ. ಅನಿ ಬೆಸೆಂಟ್, ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು ಮೊದಲಾದವರು ಬೇರೆ ಸಂಘಗಳನ್ನೇ ಕಟ್ಟಬೇಕಾಯಿತು. ಅವೆಲ್ಲ ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು. ಅದರ ಪ್ರತಿಜ್ಞೆಯಲ್ಲಿ 'ದೇವರು' ಎಂಬುದರ ಬದಲಿಗೆ ಬೇಕಾದವರು 'ಧರ್ಮ' ಎನ್ನಬಹುದು. ಕುಲ ಕೇಳಿ ಒಳಬಿಡುವ ಬಾಗಿಲನ್ನು ಕಂಡು ನಮ್ಮ ಶರಣರು ಏನೆಂದಾರೆಂಬುದನ್ನು ಈ ಪುಟದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಧರ್ಮಸಂಸ್ಥೆ ಮತ್ತು ಸ್ಕೌಟ್ ದಳದ ನಂಟು ಅತ್ಯಂತ ಗಾಢವಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿಯ ಬಾಯ್ ಸ್ಕೌಟ್ಸ್ ಸಂಸ್ಥೆ 1910ರಲ್ಲಿ ಹುಟ್ಟಿತು. ಅದು ತಾನೇ ದಳಗಳನ್ನು ನಡೆಸದೆ, ಊರಿನ ಒಂದು ಚರ್ಚಿಗೋ ಸಂಘಕ್ಕೋ ಸನ್ನದು ಕೊಡುತ್ತಿತ್ತು. ಸನ್ನದು ಪಡೆದವರೇ ನಾಯಕರನ್ನು ಒಪ್ಪಿ ನೇಮಿಸಬೇಕು. ಜಾಗವನ್ನೂ ಅವರೇ ಕೊಡಬೇಕು. ಮಾರ್ಮನ್ನರೆಂದು ಜನ ಕರೆಯುವ ಸಭೆ 1913ರಲ್ಲಿಯೇ ಈ ಪದ್ಧತಿಗೆ ಸೇರಿತು. ಮುಂದೆ ಅಲ್ಲಿ ಸ್ಕೌಟಿಂಗ್ ಎಂದರೆ ಹುಡುಗರ ಧಾರ್ಮಿಕ ಶಿಕ್ಷಣದ ಅಂಗವೇ ಆಗಿಹೋಯಿತು. ಸ್ಕೌಟ್ ಮಾಸ್ತರಿಕೆಯೂ ಸಭೆಯೇ ಕರೆದು ಒಪ್ಪಿಸುವ ಒಂದು ಸೇವೆ. ನೂರಕ್ಕೂ ಹೆಚ್ಚು ವರ್ಷಗಳ ಈ ನಂಟು 2019ರ ಡಿಸೆಂಬರಿನಲ್ಲಿ ಮುಗಿಯಿತು. ತಮ್ಮ ಅನುಯಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಈಗ ಅಮೆರಿಕ, ಕೆನಡಾಗಳ ಹೊರಗಿದ್ದಾರೆ, ಎಲ್ಲರಿಗೂ ಒಂದೇ ಕ್ರಮ ಬೇಕು ಎಂಬುದು ಸಭೆ ಕೊಟ್ಟ ಕಾರಣ.

ಇಷ್ಟೇ ಆಗಿದ್ದರೆ ನನ್ನ ಎರಡು ಪುಟ ಒಂದೇ ಸಂಜೆಗೆ ಮುಗಿಯುತ್ತಿತ್ತು. 2020ರ ಫೆಬ್ರವರಿಯಲ್ಲಿ ಆ ಬಾಯ್ ಸ್ಕೌಟ್ಸ್ ಸಂಸ್ಥೆ ದಿವಾಳಿತನದ ಅರ್ಜಿ ಹಾಕಿತು. ಬಾಲಕರಾಗಿದ್ದಾಗ ದಳದ ಹಿರಿಯರಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವೆಂದು 82,000ಕ್ಕೂ ಹೆಚ್ಚು ಜನ ಹಕ್ಕು ಸಲ್ಲಿಸಿದರು. ಆ ಸಂಖ್ಯೆಯನ್ನು ಓದಿದ ರಾತ್ರಿ ಪ್ರಸಾದನಿಲಯದಲ್ಲಿ ಎಂದಿನಂತೆ ಸುತ್ತು ಹಾಕಲು ಹೋದಾಗ ನನ್ನ ಕೈಯ ಟಾರ್ಚ್ ಭಾರವೆನಿಸಿತು. 2023ರಲ್ಲಿ ಜಾರಿಗೆ ಬಂದ ಪರಿಹಾರ ನಿಧಿ ಸುಮಾರು 246 ಕೋಟಿ ಡಾಲರುಗಳದು. ಸಾವಿರಾರು ದಳಗಳಿಗೆ ಆಶ್ರಯ ಕೊಟ್ಟಿದ್ದ ಯುನೈಟೆಡ್ ಮೆಥಡಿಸ್ಟ್ ಚರ್ಚು ಅದಕ್ಕೆ 3 ಕೋಟಿ ಡಾಲರು ಕೊಡಲು ಒಪ್ಪಿತು. ಸನ್ನದಿಗೆ ಸಹಿ ಹಾಕಿದ ಸಣ್ಣ ಊರಿನ ಎಷ್ಟೋ ಚರ್ಚುಗಳಿಗೆ ಕೊಠಡಿ ಕೊಡುವುದು ಬಿಟ್ಟರೆ ದಳದ ವ್ಯವಹಾರದಲ್ಲಿ ಮತ್ತೇನೂ ಇರಲಿಲ್ಲ. ಕಾಗದದಲ್ಲಿ ಮಾತ್ರ ನಾಯಕರನ್ನು ಒಪ್ಪಿ ನೇಮಿಸಿದವರು ಅವರೇ.

ಈಗ ಮೆಥಡಿಸ್ಟರು ಸನ್ನದನ್ನೇ ಬಿಟ್ಟು ಹೊಸ ಒಪ್ಪಂದಗಳಿಗೆ ಹೊರಳಿದ್ದಾರೆ: ಸನ್ನದಿನ ಹೊಣೆ ಸ್ಕೌಟ್ ಸಂಸ್ಥೆಯದು, ಚರ್ಚಿನದು ಮುಖ್ಯವಾಗಿ ಜಾಗ. ಪೆಟ್ಟು ತಿಂದವರ ಎಚ್ಚರ ಅದು, ನಾನದನ್ನು ಹಳಿಯಲಾರೆ. ಆದರೆ ಶ್ರೀಗಳವರಿಗೆ ಬರೆದುಕೊಟ್ಟ ಪುಟಗಳಲ್ಲಿ ನಾನು ಇದಕ್ಕೆ ವಿರುದ್ಧವಾದುದನ್ನೇ ಬರೆದೆ. ಅನ್ನವನ್ನಿಟ್ಟು ಉಂಡವನ ಮುಖವನ್ನು ನೋಡದೆ ಹೋಗುವುದನ್ನು ನಮ್ಮಲ್ಲಿ ದಾಸೋಹವೆನ್ನುವುದಿಲ್ಲ. ಮಠ ಕೊಠಡಿಯನ್ನು ಕೊಟ್ಟರೆ, ಪ್ರತಿ ಭಾನುವಾರ ಆ ಕೊಠಡಿಯಲ್ಲಿ ಮಠದ ಕಡೆಯ ಒಬ್ಬರು ಕೂತಿರಬೇಕು. ಯಾವ ಹಿರಿಯರೂ ಒಂದು ಮಗುವಿನೊಂದಿಗೆ ಏಕಾಂತದಲ್ಲಿ ಇರಕೂಡದು; ಶಿಬಿರದಲ್ಲಿ ಕನಿಷ್ಠ ಇಬ್ಬರು ಹಿರಿಯರಿರಬೇಕು. ಇದು ಅಮೆರಿಕದ ದಳಗಳಲ್ಲಿಯೂ ಈಗಿರುವ ನಿಯಮ. ದಳಕ್ಕೆ ಎಲ್ಲ ಜಾತಿ ಮತಗಳ ಮಕ್ಕಳೂ ಬರಬೇಕು. ಬೆಳಗ್ಗೆ ಅರ್ಧ ತಾಸು ಅವರವರ ಪೂಜೆಗೆ ಬಿಡಬೇಕು. ಕೊನೆಯದನ್ನು ಬರೆಯುವಾಗ ಆ ಡೇರೆ ನೆನಪಾಯಿತೆಂದು ಹೇಳಬೇಕಾಗಿಲ್ಲ.

ಶಿಕ್ಷಕರಿಗೆ ಇಬ್ಬರು ಹಿರಿಯರ ನಿಯಮ ಹಿಡಿಸಲಿಲ್ಲ. "ಮೂವತ್ತೈದು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವನ ಮೇಲೆ ಅನುಮಾನವೇ?" ಎಂದು ಶ್ರೀಗಳವರ ಎದುರಿನಲ್ಲಿಯೇ ಕೇಳಿದರು. ಅವರ ಕಂಠ ಗದ್ಗದವಾಗಿತ್ತು. ನನಗೆ ತಕ್ಕ ಉತ್ತರ ಹೊಳೆಯಲಿಲ್ಲ. ರಾತ್ರಿ ಪ್ರಸಾದನಿಲಯದಲ್ಲಿ ಸುತ್ತು ಹಾಕುವ ನಾನೂ ಒಬ್ಬನೇ, ಈ ನಿಯಮ ಮೊದಲು ನನಗೆ ಅನ್ವಯವಾಗಲಿ ಎಂದಷ್ಟೇ ಹೇಳಿದೆ. ಶ್ರೀಗಳವರು ಆ ರಾತ್ರಿಯಿಂದಲೇ ಇನ್ನೊಬ್ಬರನ್ನು ನನ್ನ ಜೊತೆಗೆ ಕಳಿಸತೊಡಗಿದರು. ಶಿಕ್ಷಕರು ಅಂದು ಪ್ರಸಾದ ಸ್ವೀಕರಿಸದೆಯೇ ಹೊರಟುಹೋದರು.

ಹತ್ತು ದಿನಗಳ ನಂತರ ಅವರು ಮತ್ತೆ ಬಂದರು, ಕೈಯಲ್ಲಿ ಒಂದು ಹಾಳೆ. ದಳದ ಸಮಿತಿಗೆ ಆರು ಹೆಸರುಗಳನ್ನು ಬರೆದಿದ್ದರು. ಅವುಗಳಲ್ಲಿ ಎರಡು ತಾಯಂದಿರವು. ಮೂರನೆಯದು ನನ್ನ ಹೆಸರು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಶ್ರೀಗಳವರು ಹಾಳೆಯನ್ನು ಓದಿ ನನ್ನ ಕೈಗೆ ಕೊಟ್ಟರು, ಏನೂ ಹೇಳಲಿಲ್ಲ. ನಾನು ಪೆನ್ನು ತೆಗೆದು ಆ ಚಿಹ್ನೆಯನ್ನು ಹೊಡೆದುಹಾಕಿದೆ.

ಶಿಬಿರಗಳಿಗೆ ಜೊತೆಗೆ ಹೋಗಬಲ್ಲ ಹಿರಿಯರು ಇನ್ನೂ ಬೇಕಾಗಿದ್ದಾರೆ. ಭಾನುವಾರಗಳನ್ನು ಕೊಡಬಲ್ಲ ಭಕ್ತರು ಮಠದ ಕಾರ್ಯಾಲಯದಲ್ಲಿ ಹೆಸರು ತಿಳಿಸಬೇಕಾಗಿ ವಿನಂತಿ. ವಚನ ಮುಂದಿನ ಸೋಮವಾರ.