ರಸ್ತೆಗೂ ನನಗೂ ನಡುವಿನ ನಾಲ್ಕು ಇಂಚು

ಹೆದ್ದಾರಿ ರಿಪೇರಿ ಮಾಡುವುದು ನನ್ನ ಕೈಯಲ್ಲಿಲ್ಲ. ಅದಕ್ಕೆ ಪ್ರಾಧಿಕಾರ ಉಂಟು, ಗುತ್ತಿಗೆದಾರರಿದ್ದಾರೆ, ಮನವಿ ಕೊಡುವ ಸಂಘಟನೆಗಳಿವೆ. ಸುರತ್ಕಲ್ಲಿನ ಜನ ಹೋರಾಡಿ ಟೋಲ್‌ಗೇಟಿನ ವಸೂಲಿಯನ್ನೇ ನಿಲ್ಲಿಸಿದವರು. 2022ರ ಡಿಸೆಂಬರ್ 1ರಿಂದ ಅಲ್ಲಿ ದುಡ್ಡು ಕಟ್ಟುವುದು ತಪ್ಪಿತು. ಹೊಂಡ ಮಾತ್ರ ತಪ್ಪಲಿಲ್ಲ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಬೈಕಂಪಾಡಿಯಿಂದ ಮುಕ್ಕದವರೆಗೆ ನೀರು ತುಂಬಿದ ಯಾವ ಹೊಂಡ ಎಷ್ಟು ಆಳ ಅಂತ ಚಕ್ರ ಇಳಿದ ಮೇಲೆಯೇ ಗೊತ್ತಾಗಬೇಕು. ಆದರೆ ಆ ರಸ್ತೆಗೂ ನನ್ನ ಬೆನ್ನುಮೂಳೆಗೂ ನಡುವೆ ಮೂರು ನಾಲ್ಕು ಇಂಚು ಜಾಗ ಉಂಟಲ್ಲ, ಬೈಕಿನ ಚಕ್ರ ಮೇಲೆ ಕೆಳಗೆ ಆಡುವ ಜಾಗ, ಅದು ಯಾವ ಇಲಾಖೆಗೂ ಸೇರಿದ್ದಲ್ಲ. ಅಲ್ಲಿ ಏನು ನಡೆಯಬೇಕೆಂದು ತೀರ್ಮಾನಿಸುವವನು ನಾನು. ನನ್ನ ಭಾನುವಾರಗಳು ಹೋಗುವುದು ಅಲ್ಲಿಗೆ.

ಗಾಡಿ ಯೆಜ್ಡಿ ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನು 1961ರಿಂದ ಅಲ್ಲಿ ತಯಾರಿಸತೊಡಗಿ, 1973ರಲ್ಲಿ ಅದಕ್ಕೆ ಯೆಜ್ಡಿ ಎಂದು ಹೆಸರಿಟ್ಟು, 1978ರಲ್ಲಿ ರೋಡ್‌ಕಿಂಗನ್ನು ರಸ್ತೆಗಿಳಿಸಿ, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಇನ್ನೂರೈವತ್ತು ಸಿಸಿ, ಎರಡು ಸ್ಟ್ರೋಕ್, ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಲಿವರ್ರೇ ಗೇರ್ ಲಿವರ್ ಕೂಡ; ಅದನ್ನು ಮೊದಲ ಸಲ ನೋಡಿದ ಹುಡುಗರು ಬಲಗಡೆ ಕಿಕ್ ಹುಡುಕಿ ಪೆಚ್ಚಾಗುವುದನ್ನು ನೋಡುವ ಸಣ್ಣ ಸುಖ ಯೆಜ್ಡಿ ಇಟ್ಟುಕೊಂಡವರಿಗೆ ಮಾತ್ರ ದಕ್ಕುತ್ತದೆ. ಮುಂದೆ ಗಾಜಿಲ್ಲ, ಪ್ಲಾಸ್ಟಿಕ್ಕಿನ ಹೊದಿಕೆಯಿಲ್ಲ, ಎಂಜಿನ್ ಬಯಲಿಗೇ ಕೂತಿದೆ. ಇಂಥ ಗಾಡಿಗೇ ಬೈಕ್ ಪತ್ರಿಕೆಗಳು ರೋಡ್‌ಸ್ಟರ್ ಅನ್ನುವುದು. 2022ರ ಜನವರಿಯಲ್ಲಿ ಯೆಜ್ಡಿ ಹೆಸರು ಮಾರುಕಟ್ಟೆಗೆ ಮರಳಿದಾಗ ಒಂದು ಮಾದರಿಗೆ ರೋಡ್‌ಸ್ಟರ್ ಎಂಬ ಹೆಸರನ್ನೇ ಕೊಟ್ಟರು: 334 ಸಿಸಿ, ನಾಲ್ಕು ಸ್ಟ್ರೋಕ್, ರೇಡಿಯೇಟರ್ ಇರುವ ಎಂಜಿನ್. ಒಳ್ಳೆಯ ಗಾಡಿಯೇ. ಆದರೆ ಹೊಸ ಗಾಡಿಗೆ ನನ್ನ ಅಗತ್ಯ ಇಲ್ಲ. ಹಳೆಯದಕ್ಕೆ ಉಂಟು.

ಹಳೆಯ ಗಾಡಿಗೆ ಪಾರ್ಟ್ ಹಾಕಿಸುವವರಲ್ಲಿ ಎರಡು ಜಾತಿ. ಒಂದು, ಎಂಜಿನ್ನಿನವರು. ಇನ್ನೊಂದು, ಶಾಕಬ್ಸರಿನವರು. ಎಂಜಿನ್ನಿನವರ ಸಂಖ್ಯೆ ದೊಡ್ಡದು, ಸದ್ದೂ ದೊಡ್ಡದು. ನನ್ನ ಮೆಕ್ಯಾನಿಕ್ ಅಣ್ಣನೂ ಆ ಪಂಗಡದವರೇ. ಗಾಡಿ ತಂದು ನಿಲ್ಲಿಸಿದ ಕೂಡಲೇ ಅವರ ಕಣ್ಣು ಹೋಗುವುದು ಸೈಲೆನ್ಸರಿಗೆ. "ಒಂದು ಚೇಂಬರ್ ಮಾಡಿ ಹಾಕುವ ಮಾರಾಯ್ರೆ. ಎಂತ ಪಿಕಪ್ ಬರ್ತದೆ ನೋಡಿ."

ಅವರು ಹೇಳುವುದು ಸುಳ್ಳಲ್ಲ. ಎರಡು ಸ್ಟ್ರೋಕಿನ ಎಂಜಿನ್ನಿಗೆ ವಾಲ್ವುಗಳಿಲ್ಲ. ಸುಟ್ಟ ಹೊಗೆ ಹೊರಗೆ ಹೋಗುವಾಗ ಅದರ ಬೆನ್ನಿಗೇ ಹೊಸ ಪೆಟ್ರೋಲಿನ ಮಿಶ್ರಣವೂ ಒಂದಿಷ್ಟು ಜಾರಿಕೊಳ್ಳುತ್ತದೆ. ಸೈಲೆನ್ಸರಿನ ಹೊಟ್ಟೆಯನ್ನು ಲೆಕ್ಕ ಹಾಕಿ ಉಬ್ಬಿಸಿ ಮತ್ತೆ ಕಿರಿದು ಮಾಡಿದರೆ, ಒತ್ತಡದ ಅಲೆ ಆ ಕಿರಿದು ಭಾಗಕ್ಕೆ ಬಡಿದು ತಿರುಗಿ ಬಂದು, ಹೊರಟಿದ್ದ ಮಿಶ್ರಣವನ್ನು ಒಳಕ್ಕೆ ನೂಕುತ್ತದೆ. ಚೇಂಬರ್ ಅಂದರೆ ಇದೇ. ಪೂರ್ವ ಜರ್ಮನಿಯ ಎಮ್‌ಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಈ ವಿದ್ಯೆಯನ್ನು ಪಳಗಿಸಿದ. ಅವನ ರೇಸ್ ಸವಾರ ಅರ್ನ್‌ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ರೇಸಿಗೆ ಹೋದವನು ತಿರುಗಿ ಬರಲೇ ಇಲ್ಲ. ಗುಟ್ಟು ಸುಜುಕಿಯ ಪಾಲಾಯಿತು; ಮರುವರ್ಷವೇ ಡೆಗ್ನರ್ ಸುಜುಕಿಗೆ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ ಗೆದ್ದುಕೊಟ್ಟ. ಯಾದವಗಿರಿಯಲ್ಲಿ ಜಾವಾ ತಯಾರಾಗತೊಡಗಿದ್ದೂ ಅದೇ 1961ರಲ್ಲಿ. ಒಂದು ತಗಡಿನ ಕೊಳವೆಯ ಆಕಾರಕ್ಕಾಗಿ ಮನುಷ್ಯ ದೇಶ ಬಿಟ್ಟ ಕಥೆ ನನಗೆ ತುಂಬ ಇಷ್ಟ. ಆದರೂ ಚೇಂಬರ್ ಹಾಕಿಸಲಾರೆ. ಅದು ಕೊಡುವ ಬಲವೆಲ್ಲ ಎಂಜಿನ್ ಜೋರಾಗಿ ತಿರುಗುವಾಗ. ಕೆಳಗಿನ ಎಳೆತ ಸೊರಗುತ್ತದೆ. ಪಣಂಬೂರಿನ ಲಾರಿ ಸಾಲಿನ ಹಿಂದೆ, ಗ್ಯಾಸ್ ಟ್ಯಾಂಕರಿನ ಪಕ್ಕ ಎರಡನೇ ಗೇರಿನಲ್ಲಿ ತೆವಳುವವನಿಗೆ ಬೇಕಾದ್ದು ಕೆಳಗಿನ ಎಳೆತವೇ. ಮೇಲಾಗಿ ಸದ್ದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅದಕ್ಕೆ 10,000 ರೂಪಾಯಿವರೆಗೆ ದಂಡ ಬೀಳಬಹುದು. ಪೊಲೀಸರು ಜಪ್ತಿ ಮಾಡಿದ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ಫೋಟೊ ಪೇಪರಿನಲ್ಲಿ ಬಂದಾಗಲೆಲ್ಲ ಅಣ್ಣ ನಿಟ್ಟುಸಿರು ಬಿಡುತ್ತಾರೆ.

ಶಾಕಬ್ಸರಿಗೆ ಇಂಥ ರೋಚಕ ಇತಿಹಾಸ ಇಲ್ಲ. ಅದರ ಕೆಲಸವೇ ಗೊತ್ತಾಗದಂತೆ ಇರುವುದು. ಹೊರಗೆ ಕಾಣುವ ಸ್ಪ್ರಿಂಗನ್ನೇ ಜನ ಶಾಕಬ್ಸರ್ ಅಂದುಕೊಂಡು ಕೆಂಪೋ ಹಳದಿಯೋ ಅಂತ ಬಣ್ಣ ನೋಡಿ ಕೊಳ್ಳುತ್ತಾರೆ. ಸ್ಪ್ರಿಂಗ್ ಜಗಳಗಂಟ. ಕೊಟ್ಟ ಪೆಟ್ಟನ್ನು ಅಷ್ಟಕ್ಕಷ್ಟೇ ತಿರುಗಿಸಿ ಕೊಡುತ್ತದೆ, ಅದಕ್ಕೊಂದು ಉತ್ತರ, ಮತ್ತೆ ಅದಕ್ಕೊಂದು. ಒಳಗಿರುವ ಆಯಿಲ್ ಮನೆಯ ಅಜ್ಜಿ. ಎಲ್ಲವನ್ನೂ ಕೇಳಿಸಿಕೊಂಡು ಅಲ್ಲಿಗೇ ಮುಗಿಸುತ್ತದೆ. ಸಣ್ಣ ತೂತುಗಳ ಮೂಲಕ ಆಯಿಲ್ ನುಗ್ಗುವಾಗ ಪೆಟ್ಟಿನ ಶಕ್ತಿ ಬಿಸಿಯಾಗಿ ಹೋಗುತ್ತದೆ. ನಂಬದವರು ಕಾಟಿಪಳ್ಳದ ಕಡೆಗೊಂದು ಸುತ್ತು ಹೊಡೆದು ಬಂದು ಶಾಕಬ್ಸರಿನ ಮೈ ಮುಟ್ಟಿ ನೋಡಬೇಕು, ಬೆಚ್ಚಗಿರುತ್ತದೆ. ನಾವು ತಿನ್ನಬೇಕಿದ್ದ ಹೊಂಡಗಳೆಲ್ಲ ಆ ಬಿಸಿಯಲ್ಲಿವೆ.

ನನ್ನ ಗಾಡಿಯ ಹಳೆಯ ಜೋಡಿ ಮೂವತ್ತು ಮಳೆಗಾಲ ಕಂಡು ಸೋತಿತ್ತು. ಹಂಪ್ ಹಾರಿದ ಮೇಲೂ ಗಾಡಿ ತಲೆ ಆಡಿಸುತ್ತಲೇ ಇರುತ್ತಿತ್ತು. ಹೊಸದು ಕೊಳ್ಳುವುದರಲ್ಲಿ ನನಗಿರುವ ಸುಖ ಪಾರ್ಸೆಲ್ ಬಂದ ದಿನಕ್ಕೆ ಸೇರಿದ್ದಲ್ಲ, ಅದಕ್ಕೂ ಮುಂಚಿನ ಅಳತೆಗೆ ಸೇರಿದ್ದು. ಸ್ವೀಡನ್ನಿನ ಓಲಿನ್ಸ್ ಕಂಪನಿಯದನ್ನು ನೋಡಿ ಕಣ್ಣು ತಂಪು ಮಾಡಿಕೊಂಡು, ಥಾಯ್ಲೆಂಡಿನ ವೈಎಸ್‌ಎಸ್ ಹತ್ತಿರ ನಿಂತೆ. ಬೆಲೆ ನೋಡುವ ಮೊದಲು ನೋಡಬೇಕಾದ್ದು ಶಾಕಬ್ಸರನ್ನು ಗಾಡಿಗೆ ಸಿಕ್ಕಿಸುವ ಮೇಲಿನ ಕಣ್ಣಿನ ನಡುವಿನಿಂದ ಕೆಳಗಿನ ಕಣ್ಣಿನ ನಡುವಿಗೆ ಎಷ್ಟು ಉದ್ದ ಅಂತ. ಹತ್ತು ಮಿಲಿಮೀಟರ್ ಹೆಚ್ಚಾದರೆ ಹಿಂಭಾಗ ಎದ್ದು, ಮುಂಭಾಗ ಬಾಗಿ, ಹ್ಯಾಂಡಲ್ ಚುರುಕಾಗುತ್ತದೆ. ತಿರುವಿನಲ್ಲಿ ಹಿತ, ನೇರ ದಾರಿಯಲ್ಲಿ ಕೊಂಚ ಗಡಿಬಿಡಿ, ಸೆಂಟರ್ ಸ್ಟ್ಯಾಂಡ್ ಹಾಕುವಾಗ ಇನ್ನೊಂದು ರಗಳೆ. ಆಮೇಲೆ ಕಣ್ಣಿನ ಒಳವ್ಯಾಸ, ಅದರೊಳಗೆ ಕೂರುವ ಬುಶ್ಶಿನ ಅಗಲ. ಆಮೇಲೆ, ಯೆಜ್ಡಿಯವರಿಗೇ ಮೀಸಲಾದ ತಲೆಬಿಸಿ: ಅದರ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತದೆ, ದಪ್ಪ ಸ್ಪ್ರಿಂಗ್ ಹಾಕಿದರೆ ಪೆಟ್ಟಿಗೆಗೆ ತಾಗುತ್ತದೆ. ಉಪ್ಪುಗಾಳಿಯ ಊರಿನಲ್ಲಿ ಮುಚ್ಚಿದ ಚೈನು ಬಂಗಾರದಂಥ ವ್ಯವಸ್ಥೆ, ಬಿಚ್ಚಿ ಹಾಕಲು ಮನಸ್ಸು ಬರುವುದಿಲ್ಲ. ಹಾಗಾಗಿ ರಟ್ಟು ಸುತ್ತಿ ಸ್ಪ್ರಿಂಗಿನಷ್ಟೇ ದಪ್ಪದ ಕೊಳವೆ ಮಾಡಿ, ಗಾಡಿಗೆ ಹಿಡಿದು ನೋಡಿ, ಬೆರಳು ತೂರುವಷ್ಟು ಸಂದು ಉಂಟು ಅಂತಾದ ಮೇಲೆಯೇ ದುಡ್ಡು ಕಳಿಸಿದ್ದು.

ಬುಶ್ ಯಾರೂ ಮಾರುವುದಿಲ್ಲ, ಮಾಡಿಸಬೇಕು. ಬೈಕಂಪಾಡಿಯ ಕೈಗಾರಿಕಾ ಪ್ರದೇಶದ ಲೇತ್ ಶಾಪಿನಲ್ಲಿ ದೊಡ್ಡ ಕಂಪನಿಗಳ ಪಂಪಿನ ಶಾಫ್ಟುಗಳ ನಡುವೆ ನನ್ನ ಹೆಬ್ಬೆರಳಷ್ಟು ಬುಶ್ಶಿಗೂ ಸರದಿ ಬರುತ್ತದೆ. ಲೇತಿನವರು ಅಳತೆಯ ಚೀಟಿಯನ್ನು ಓದುವುದಿಲ್ಲ, "ಶಾಫ್ಟ್ ತಂದಿದ್ದೀರಾ?" ಅಂತ ಕೇಳಿ, ಅದನ್ನೇ ತೂರಿಸಿ ನೋಡುತ್ತ ತುಸು ತುಸು ಹೆರೆಯುತ್ತಾರೆ. ಗನ್‌ಮೆಟಲ್ಲಿನ ಸುರುಳಿ ಬಂಗಾರದ ಬಣ್ಣದಲ್ಲಿ ಉದುರುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯದು. ಬೋಲ್ಟಿಗೆ ಮಂಗಳೂರು ಬಂದರಿನ ದೋಣಿ ಸಾಮಾನಿನ ಅಂಗಡಿಯೇ ಸರಿ. ಸಮುದ್ರಕ್ಕೆ ಹೆದರದ ಸ್ಟೀಲ್ ಅಲ್ಲಿ ಸಿಗುತ್ತದೆ. ಒಂದು ಎಚ್ಚರ: ಸ್ಟೇನ್‌ಲೆಸ್ ಬೋಲ್ಟನ್ನು ಹಾಗೇ ಅಲ್ಯುಮಿನಿಯಂಗೆ ತಿರುಗಿಸಿದರೆ ಉಪ್ಪುನೀರಿನ ಸಹವಾಸದಲ್ಲಿ ಬೋಲ್ಟ್ ಹೊಳೆಯುತ್ತಿರುತ್ತದೆ, ಸುತ್ತಲ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಸವೆದು ಹೋಗುತ್ತದೆ. ಧಾರಾಳವಾಗಿ ಗ್ರೀಸ್ ಹಚ್ಚಬೇಕು.

ಮುಂದಿನ ಫೋರ್ಕು ಬೇರೆಯೇ ಪುರಾಣ. ಪೈಪಿನ ಕ್ರೋಮಿನಲ್ಲಿ ಸಾಸಿವೆಯಷ್ಟು ತುಕ್ಕಿನ ಗುಳಿ ಬಿದ್ದರೆ ಸಾಕು, ಪ್ರತಿ ಹೊಂಡಕ್ಕೂ ಅದು ಆಯಿಲ್ ಸೀಲಿನ ತುಟಿಯನ್ನು ಕೆರೆಯುತ್ತದೆ. ಸೀಲ್ ಎಷ್ಟು ಸಲ ಬದಲಿಸಿದರೂ ಸೋರುವ ಗಾಡಿಗಳ ಗುಟ್ಟು ಇದೇ. ಪೈಪುಗಳು ಬೆಂಗಳೂರಿನ ಪೀಣ್ಯಕ್ಕೆ ಹೋಗಿ ಹಾರ್ಡ್ ಕ್ರೋಮ್ ಹೊದ್ದುಕೊಂಡು ಬಂದವು. ಹೊಸ ಸೀಲನ್ನು ಓರೆಯಾಗದಂತೆ ಕೂರಿಸಲು ದುಬಾರಿ ಹತ್ಯಾರು ಬೇಡ. ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪಿನ ತುಂಡು, ಬಾಯಿ ಸಮವಾಗಿದ್ದರೆ, ಅದೇ ಕೆಲಸ ಮಾಡುತ್ತದೆ. ಇನ್ನು ಆಯಿಲ್. ಹಳಬರು ಎಂಜಿನ್ ಆಯಿಲನ್ನೇ ಸುರಿಯುತ್ತಿದ್ದರು. ಈಗ ಡಬ್ಬಿಯ ಮೇಲೆ 10, 15, 20 ಅಂತ ಬರೆದಿರುತ್ತದೆ, ಆದರೆ ಫೋರ್ಕ್ ಆಯಿಲಿನಲ್ಲಿ ಒಂದು ಕಂಪನಿಯ 10 ಇನ್ನೊಂದರ 15ರಷ್ಟು ಗಟ್ಟಿ ಇರುವುದುಂಟು. ನಂಬಬೇಕಾದ್ದು ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ, 40 ಡಿಗ್ರಿ ಸೆಲ್ಸಿಯಸ್ಸಿನ ಸ್ನಿಗ್ಧತೆಯ ಅಂಕಿ. ಸುರತ್ಕಲ್ಲಿನ ಏಪ್ರಿಲ್ ಮಧ್ಯಾಹ್ನ ಆ 40ಕ್ಕೆ ಹೆಚ್ಚು ದೂರವೇನೂ ಇಲ್ಲ ಅನ್ನುವುದು ನಮಗಿರುವ ಅನುಕೂಲ. ಎಷ್ಟು ಮಿಲಿ ಹಾಕಿದೆವು ಅನ್ನುವುದಕ್ಕಿಂತ, ಪೈಪಿನ ಬಾಯಿಯಿಂದ ಆಯಿಲ್ ಎಷ್ಟು ಕೆಳಗೆ ನಿಂತಿತು ಅನ್ನುವುದು ಮುಖ್ಯ. ಮೇಲೆ ಸಿಕ್ಕಿಕೊಂಡ ಗಾಳಿಯೂ ಒತ್ತಿದಾಗ ಸ್ಪ್ರಿಂಗೇ.

ಸ್ಪ್ರಿಂಗಿನ ಬಗ್ಗೆ ನನಗೆ ಪಾಠ ಹೇಳಿದವನು ನಮ್ಮ ಪಕ್ಕದ ಮನೆ ಮಹಡಿಯಲ್ಲಿ ಬಾಡಿಗೆಗಿದ್ದ, ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನ ಹುಡುಗ. ತಂತಿಯ ದಪ್ಪ ಸ್ವಲ್ಪವೇ ಹೆಚ್ಚಿದರೂ ಗಡಸು ನಾಲ್ಕನೇ ಘಾತದಲ್ಲಿ ಏರುತ್ತದೆ, ಸುತ್ತು ಕಡಿಮೆಯಾದಷ್ಟೂ ಗಡಸು ಹೆಚ್ಚುತ್ತದೆ. ಗಾಡಿ ತಗ್ಗಿಸಲೆಂದು ಸ್ಪ್ರಿಂಗಿನ ಸುತ್ತು ಕತ್ತರಿಸುವ ಹುಡುಗರಿಗೆ ಆಮೇಲೆ ಬೆನ್ನು ಯಾಕೆ ನೋಯುತ್ತದೆ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಕ್ಕಿತು. ಇನ್ನೊಂದು ಮಾತಿಗೆ ಮೆಕ್ಯಾನಿಕ್ ಅಣ್ಣ ಸುತರಾಂ ಒಪ್ಪಲಿಲ್ಲ. ಶಾಕಬ್ಸರಿನ ಕೆಳಗಿನ ಕಾಲರ್ ತಿರುಗಿಸಿದರೆ ಸ್ಪ್ರಿಂಗ್ ಟೈಟ್ ಆಗುತ್ತದೆ ಅಂತ ಅವರು. ಆಗುವುದಿಲ್ಲ, ಸ್ಪ್ರಿಂಗಿನ ಗಡಸು ಇದ್ದ ಹಾಗೇ ಇರುತ್ತದೆ, ಗಾಡಿ ಎಷ್ಟು ಎತ್ತರದಲ್ಲಿ ನಿಲ್ಲಬೇಕು ಅನ್ನುವುದಷ್ಟೇ ಬದಲಾಗುತ್ತದೆ ಅಂತ ಹುಡುಗ.

ಜಗಳ ತೀರಿಸಲು ಟೇಪು ಹಿಡಿದೆವು. ಚಕ್ರ ನೆಲ ಬಿಟ್ಟಿದ್ದಾಗ ಆಕ್ಸೆಲ್ಲಿನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಎಷ್ಟು, ನಾನು ಹೆಲ್ಮೆಟ್ಟು ರೈನ್‌ಕೋಟು ಸಮೇತ ಕೂತಾಗ ಎಷ್ಟು. ಎರಡರ ವ್ಯತ್ಯಾಸ ಒಟ್ಟು ಆಟದ ಮೂರನೇ ಒಂದು ಪಾಲಿನ ಹತ್ತಿರ ಬರಬೇಕು. ಆ ಪಾಲು ಯಾಕೆಂದರೆ, ಹೊಂಡ ಬಂದಾಗ ಚಕ್ರ ಕೆಳಗಿಳಿದು ನೆಲ ಹಿಡಿಯಲೂ ಜಾಗ ಬೇಕಲ್ಲ. ಹೆಚ್ಚಿನವರು ಉಬ್ಬಿನ ಯೋಚನೆ ಮಾತ್ರ ಮಾಡುತ್ತಾರೆ, ಹೊಂಡದ್ದು ಮಾಡುವುದಿಲ್ಲ. ಒಬ್ಬರು ಗಾಡಿ ಹಿಡಿಯಬೇಕು, ಒಬ್ಬರು ಕೂರಬೇಕು, ಒಬ್ಬರು ಬಗ್ಗಿ ನೋಡಬೇಕು. ನಾನು ಕಲ್ಲಿನ ಹಾಗೆ ಕೂತಿದ್ದೆ. ಹುಡುಗ ಬಗ್ಗಿ ಅಂಕಿ ಹೇಳುತ್ತಿದ್ದ. ಗಾಡಿ ಹಿಡಿದ ಅಣ್ಣ, "ಮದುವೆ ಹುಡುಗನಿಗೆ ಕೋಟು ಹೊಲಿಸಿದ ಹಾಗಾಯ್ತಲ್ಲ ಇದು," ಅಂದರು. ಕಾರ್ಖಾನೆ ಹೊಲಿಯುವುದು ಎಲ್ಲರ ಸರಾಸರಿ ಮೈಗೆ. ಅಂಥ ಮೈಯ ಮನುಷ್ಯ ಎಲ್ಲಿಯೂ ಇಲ್ಲ. ಕಾಲರ್ ಏರಿಸಿ ಇಳಿಸಿ, ಮತ್ತೆ ಕೂತು ಎದ್ದು, ಅಳತೆ ಕೂಡಿ ಬಂತು.

ಕುಳಾಯಿಯ ಹತ್ತಿರ ಒಂದು ಹಂಪ್ ಇದೆ, ನನಗೂ ಅದಕ್ಕೂ ಹಳೆಯ ವೈರ. ಮೊದಲೆಲ್ಲ ಅದನ್ನು ದಾಟಿದ ಮೇಲೂ ಗಾಡಿ ಎರಡು ಸಲ ತೂಗುತ್ತಿತ್ತು. ಈಗ ಏರಿತು, ಇಳಿಯಿತು, ಮುಗಿಯಿತು. ಗಾಡಿಯ ಬಲ ಒಂದಿಷ್ಟೂ ಹೆಚ್ಚಿಲ್ಲ, ಆದರೆ ಹೊಂಡಕ್ಕೆ ಹೆದರಿ ಬ್ರೇಕ್ ಹಿಡಿಯುತ್ತಿದ್ದಲ್ಲಿ ಹಿಡಿಯದೆ ಹೋಗುವುದರಿಂದ ಮೂಲ್ಕಿ ಮೊದಲಿಗಿಂತ ಹತ್ತಿರವಾಗಿದೆ. ಚೇಂಬರ್ ಹಾಕಿದವರಿಗೆ ಇದನ್ನು ವಿವರಿಸಲಾಗುವುದಿಲ್ಲ. ಅವರಿಗೆ ನನ್ನ ಮಾತು ಕೇಳಿಸುವುದೂ ಇಲ್ಲ.

ಉಳಿದದ್ದು ಹಿಂದೆ ಕೂರುವವರ ಲೆಕ್ಕ. ಹಳೆಯಂಗಡಿಯಲ್ಲೊಂದು ಮದುವೆಗೆ ಹೊರಡುವ ಮುನ್ನ ಹೆಂಡತಿಯ ತೂಕ ಕೇಳಿದೆ. "ತೂಕ ಗೀಕ ಹೇಳ್ಲಿಕ್ಕಿಲ್ಲ. ಬೇಕಾದ್ರೆ ಟೇಪು ಹಿಡಿದು ನೋಡಿ," ಅಂದಳು. ವಿದ್ಯೆಯ ಪ್ರಕಾರ ಅವಳ ಮಾತೇ ಸರಿ. ಇಲ್ಲಿ ಕಿಲೋ ಬೇಕಾಗಿಲ್ಲ, ಮಿಲಿಮೀಟರ್ ಸಾಕು. ರೇಷ್ಮೆ ಸೀರೆಯಲ್ಲಿ ಅವಳನ್ನು ಕೂರಿಸಿ, ಮಹಡಿಯ ಹುಡುಗನನ್ನು ಟೇಪಿಗೆ ಕರೆದು, ಕಾಲರನ್ನು ಎರಡು ಹಲ್ಲು ಏರಿಸುವಷ್ಟರಲ್ಲಿ ಮುಹೂರ್ತ ಮೀರಿತ್ತು. ಊಟಕ್ಕೆ ಸಮಯಕ್ಕೆ ಸರಿಯಾಗಿ ತಲುಪಿದೆವು.