ಡ್ರ್ಯಾಗನ್ ಬಾವಿಯ ಊರಿನ ಹಸಿರು ಚಹಾ

ಪೂರ್ವ ಚೀನಾದ ಝೆಜಿಯಾಂಗ್ ಪ್ರಾಂತ್ಯದ ರಾಜಧಾನಿ ಹಾಂಗ್‌ಝೌ. ಅಲ್ಲಿನ ಪಶ್ಚಿಮ ಸರೋವರವನ್ನು ನೋಡಲು ಬಂದವರು ಅದರಾಚೆಯ ಗುಡ್ಡಗಳಿಗೂ ಹೋಗುತ್ತಾರೆ. ಅಲ್ಲಿ ಲೊಂಗ್‌ಜಿಂಗ್ ಎಂಬ ಹಳ್ಳಿಯಿದೆ. ಲೊಂಗ್‌ಜಿಂಗ್ ಎಂದರೆ ಡ್ರ್ಯಾಗನ್ ಬಾವಿ. ಚೀನಾದ ಬಹು ಹೆಸರುವಾಸಿ ಹಸಿರು ಚಹಾದ ಹೆಸರೂ ಅದೇ.

ಮಾರ್ಚ್ ಕೊನೆಯಲ್ಲಿ ನೀವು ಅಲ್ಲಿಗೆ ಹೋದರೆ ಚಹಾ ಗಿಡಗಳ ನಡುವೆ ಬುಟ್ಟಿ ಹಿಡಿದ ಮಹಿಳೆಯರನ್ನು ಕಾಣುವಿರಿ. ಅವರಲ್ಲಿ ಅನೇಕರು ಕೆಲವು ವಾರಗಳ ಕೂಲಿಗಾಗಿ ಬೇರೆ ಪ್ರಾಂತ್ಯಗಳಿಂದ ಬಂದವರು. ಒಂದು ಮೊಗ್ಗು, ಜೊತೆಗೆ ಒಂದೆರಡು ಎಳೆ ಎಲೆ; ಅಷ್ಟನ್ನೇ ಬೆರಳ ತುದಿಯಿಂದ ಚಿವುಟಬೇಕು. ಒಂದು ಕಿಲೋ ಉತ್ತಮ ಚಹಾಕ್ಕೆ ಇಂತಹ ಹತ್ತಾರು ಸಾವಿರ ಚಿಗುರುಗಳು ಬೇಕು. ಏಪ್ರಿಲ್ 5ರ ಸುಮಾರಿಗೆ ಬರುವ ಚಿಂಗ್‌ಮಿಂಗ್ ದಿನಕ್ಕೆ ಮೊದಲು ಕಿತ್ತ ಚಿಗುರಿಗೆ ಬೆಲೆ ಬಹಳ ಹೆಚ್ಚು.

ಚಿಗುರನ್ನು ಸ್ವಲ್ಪ ಹೊತ್ತು ಹರವಿಟ್ಟು, ಬಳಿಕ ಕಾದ ಬಾಣಲೆಯಲ್ಲಿ ಕೈಯಿಂದಲೇ ಒತ್ತಿ ಒತ್ತಿ ಹುರಿಯುತ್ತಾರೆ. ಈಗ ಯಂತ್ರಗಳೂ ಬಂದಿವೆ. ನಾವು ದಿನವೂ ಕುಡಿಯುವ ಚಹಾದ ಎಲೆ ಗಾಳಿ ತಾಗಿ ಕಪ್ಪಾಗುತ್ತದೆ. ಇಲ್ಲಿ ಬಿಸಿಯು ಅದನ್ನು ತಡೆಯುವುದರಿಂದ ಎಲೆ ಹಸಿರಾಗಿಯೇ ಉಳಿಯುತ್ತದೆ. 2022ರಲ್ಲಿ ಯುನೆಸ್ಕೋ ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟೆಲ್ಲ ಶ್ರಮದ ಎಲೆ ನಮ್ಮ ಅಡುಗೆಮನೆಯಲ್ಲಿ ಎರಡೇ ನಿಮಿಷದಲ್ಲಿ ಕೆಟ್ಟುಹೋಗಬಹುದು. ಹಾಲು ಚಹಾದಂತೆ ಕುದಿಸಿದರೆ ಅದು ಕಹಿಯಾಗುತ್ತದೆ. ಆಗ ನಾವು ದೂರುವುದು ಎಲೆಯನ್ನು!

ಹೀಗೆ ಮಾಡಿ ನೋಡಿ. ನೀರು ಕುದಿದ ಮೇಲೆ ಒಲೆ ಆರಿಸಿ, ಮುಚ್ಚಳ ತೆಗೆದು ನಾಲ್ಕೈದು ನಿಮಿಷ ಬಿಡಿ. ಶಾಖ 80 ಡಿಗ್ರಿಯ ಆಸುಪಾಸಿಗೆ ಇಳಿಯಲಿ. ಗಾಜಿನ ಲೋಟಕ್ಕೆ 3 ಗ್ರಾಂ ಎಲೆ ಹಾಕಿ, 200 ಮಿಲಿ ನೀರು ಸುರಿಯಿರಿ. ಎರಡು ನಿಮಿಷದಲ್ಲಿ ಚಹಾ ಸಿದ್ಧ. ಹಾಲು, ಸಕ್ಕರೆ ಬೇಡ. ಲೋಟದಲ್ಲಿ ಸ್ವಲ್ಪ ಉಳಿದಿರುವಾಗಲೇ ಮತ್ತೆ ಬಿಸಿನೀರು ಸೇರಿಸಿ. ಅದೇ ಎಲೆ ಎರಡು ಮೂರು ಸಲ ರುಚಿ ಕೊಡುತ್ತದೆ.

ಸಿಹಿ ಬೇಕೇ ಬೇಕೆನ್ನುವವರಿಗೆ ಝೆಜಿಯಾಂಗ್‌ನದೇ ಗನ್‌ಪೌಡರ್ ಚಹಾ ಇದೆ. ಎಲೆಯನ್ನು ಸಣ್ಣ ಗುಂಡುಗಳಂತೆ ಸುತ್ತಿರುತ್ತಾರೆ. ಮೊರೊಕ್ಕೊದ ಮನೆಗಳಲ್ಲಿ ಪುದೀನ, ಸಕ್ಕರೆ ಬೆರೆಸಿ ಅತಿಥಿಗಳಿಗೆ ಕೊಡುವುದು ಇದನ್ನೇ.

ಕೊಳ್ಳುವಾಗ ಎಲೆ ಕಿತ್ತ ವರ್ಷವನ್ನು ನೋಡಿ. ಲೊಂಗ್‌ಜಿಂಗ್ ಎಲೆ ಚಪ್ಪಟೆಯಾಗಿ, ತುಸು ಹಳದಿ ಬೆರೆತ ಹಸಿರಾಗಿರಬೇಕು. ಹೆಸರು ದೊಡ್ಡದು, ಬೆಲೆ ತೀರಾ ಅಗ್ಗ ಎಂದಾದರೆ ಸಂಶಯಪಡಿ. ಸ್ವಲ್ಪವೇ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ಮಸಾಲೆಯಿಂದ ದೂರವಿಡಿ.

ತೂಕ ಇಳಿಯುತ್ತದೆಂಬ ಜಾಹೀರಾತಿಗೆ ಮಾತ್ರ ಮರುಳಾಗಬೇಡಿ. ಅಂತಹ ದೊಡ್ಡ ಪರಿಣಾಮವೇನೂ ಇಲ್ಲ. ಊಟದ ಜೊತೆ ಚಹಾ ಕುಡಿದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ರಕ್ತಹೀನತೆ ಇರುವ ಸಹೋದರಿಯರು ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರವಿಡಲಿ. ಇದರಲ್ಲಿ ಕೆಫೀನ್ ಇರುವುದರಿಂದ ಗರ್ಭಿಣಿಯರು ವೈದ್ಯರನ್ನು ಕೇಳಿ ಕುಡಿಯಲಿ.

ಔಷಧಿಯೆಂದು ಮೂಗು ಮುಚ್ಚಿ ನುಂಗುವ ಪಾನೀಯ ಇದಲ್ಲ. ಮನೆಗೆಲಸ ಮುಗಿದ ಹೊತ್ತಿನಲ್ಲಿ ಹತ್ತು ನಿಮಿಷ ಕುಳಿತು, ರುಚಿ ನೋಡುತ್ತಾ ಕುಡಿಯಿರಿ. ದೂರದ ಗುಡ್ಡದಲ್ಲಿ ಬೆನ್ನು ಬಾಗಿಸಿ ಚಿಗುರು ಚಿವುಟಿದವಳ ಶ್ರಮವೂ ಆಗಲೇ ಸಾರ್ಥಕ.